ಹಿಂದಿನ ಬೆಂಚಿಗೂ ಕೇಳಿಸುವ ಜಾಗ

ಹೆಂಡತಿ: ಅಂದ್ರೆ ಲೈಬ್ರರಿಯಿಂದಲೂ ಆಚೆ ಹಾಕಿದ್ರು ಅನ್ನಿ.

ಮೇಷ್ಟ್ರು: ಆಚೆ ಹಾಕಿದ್ರು ಅಂತ ಯಾಕೆ ಅಂತೀಯ? ಲೈಬ್ರರಿಯಮ್ಮ ಬಾಗಿಲ ತನಕ ಬಂದು ಬೀಳ್ಕೊಟ್ರು.

ಹೆಂಡತಿ: ಮತ್ತೆ ಬನ್ನಿ ಅಂದ್ರಾ?

ಮೇಷ್ಟ್ರು: ಅದೊಂದು ಅನ್ನೋಕೆ ಮರೆತ್ರು.

ಮೇಷ್ಟ್ರು ಕೋಟು ಕಳಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಮನೆಯಲ್ಲಿದ್ದ ಎರಡೇ ಕುರ್ಚಿಗಳಲ್ಲಿ ತಮ್ಮದರ ಮೇಲೆ ಕುಸಿದರು. ತಲೆ ನರೆಯುವ ತನಕ ಇಂಗ್ಲಿಷ್ ಕಲಿಸಿದ ಮನುಷ್ಯ. ಹೆಂಡತಿಗೆ ಪರದೇಶದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಸಿಕ್ಕಾಗ ಅವರೂ ಪೆಟ್ಟಿಗೆ ಹಿಡಿದು ಹಿಂದೆಯೇ ಬಂದರು. ಬಂದು ನೋಡಿದರೆ ಇಂಗ್ಲಿಷ್ ಅಷ್ಟಕ್ಕಷ್ಟೇ ಆಗಿದ್ದ ಈ ಊರಿನಲ್ಲಿ ಅವರನ್ನು ಸಾರ್ ಅನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ. ಬಹಳ ಕಾದ ಮೇಲೆ ಸಿಕ್ಕ ಒಬ್ಬರೇ ಶಿಷ್ಯರೆಂದರೆ ಬೀದಿ ತಿರುವಿನ ಬೇಕರಿಯವರು. ಅವರ ಮಗ ದೂರದೇಶದಲ್ಲಿ ಮದುವೆಯಾಗಿದ್ದ. ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದ ಸೊಸೆ ಇಷ್ಟರಲ್ಲೇ ಮನೆಗೆ ಬರುವವಳಿದ್ದಳು. ಅವಳೊಂದಿಗೆ ನಾಲ್ಕು ಮಾತಾಡಿ ಮನೆಯವರನ್ನೆಲ್ಲ ಬೆರಗಾಗಿಸಬೇಕು ಎಂಬುದು ಬೇಕರಿಯವರ ಆಸೆ. ಆದ್ದರಿಂದ ಪಾಠ ಗುಟ್ಟಾಗಿ ನಡೆಯಬೇಕು. ಅವರ ಮನೆಯಲ್ಲೂ ಆಗದು, ಅಂಗಡಿಯಲ್ಲೂ ಆಗದು. ಮೇಷ್ಟ್ರಿಗಾದರೆ ಈ ಒಬ್ಬ ಶಿಷ್ಯರೂ ಕೈಬಿಟ್ಟರೆ ಮುಗಿಯಿತು, ಮತ್ತೆ ಅವರು ಬರೀ ಯಾರದೋ ಗಂಡ.

ಹೆಂಡತಿ: ಲೈಬ್ರರೀಲಿ ಏನು ಹೇಳ್ಕೊಟ್ರಿ?

ಮೇಷ್ಟ್ರು: ನನ್ನ ಪದ್ಧತಿ ನಿಂಗೆ ಗೊತ್ತಲ್ಲ. ಕಣ್ಣೆದುರು ಏನಿದೆಯೋ ಅದನ್ನೇ ಇಂಗ್ಲಿಷಲ್ಲಿ ಒಂದು ವಾಕ್ಯ ಮಾಡೋದು, ಶಿಷ್ಯ ಅದನ್ನ ತಿರುಗಿ ಹೇಳೋದು. ‘ಇಲ್ಲಿ ಎಷ್ಟು ನಿಶ್ಶಬ್ದವಾಗಿದೆ’ ಅಂದೆ.

ಹೆಂಡತಿ: ಎಷ್ಟು ಜೋರಾಗಿ?

ಮೇಷ್ಟ್ರು: ಹಿಂದಿನ ಬೆಂಚಿಗೆ ಕೇಳಿಸೋಷ್ಟು.

ಹೆಂಡತಿ: ರೀ, ಇರೋದೇ ಒಬ್ಬ ಶಿಷ್ಯ! ನಿಮ್ಮ ಮೂಗಿನ ಕೆಳಗೇ ಕೂತಿರ್ತಾರೆ. ಹಿಂದಿನ ಬೆಂಚು ಎಲ್ಲಿಂದ ಬಂತು?

ಮೇಷ್ಟ್ರು: ಬೆಂಚು ನನ್ನ ಗಂಟಲಲ್ಲೇ ಇದೆ ಕಣೇ. ಎಪ್ಪತ್ತು ಹುಡುಗರ ಕ್ಲಾಸು, ಕಿಟಕಿ ಆಚೆ ಡ್ರಿಲ್ ಮೇಷ್ಟ್ರ ಸೀಟಿ. ಅಲ್ಲಿ ಪಳಗಿದ ದನಿ ಇದು. ಮೆತ್ತಗೆ ಹೇಳಿದ್ರೆ ಅದು ಪಾಠ ಅಲ್ಲ, ಚಾಡಿ.

ಹೆಂಡತಿ: ರೈಲ್ವೆ ಸ್ಟೇಷನ್ನಲ್ಲೂ ಇದೇ ಕತೆ ಅಲ್ವಾ?

ಮೇಷ್ಟ್ರು: ಅಲ್ಲಿ ನನ್ನ ತಪ್ಪೇನಿಲ್ಲ. ಎದುರಿಗೆ ಒಂದು ಗೂಡ್ಸ್ ಗಾಡಿ ಹೋಗ್ತಿತ್ತು. ‘ರೈಲು ಹೊರಟುಹೋಯಿತು’ ಅಂದೆ. ವೇಟಿಂಗ್ ರೂಮಲ್ಲಿದ್ದವರೆಲ್ಲ ಸೂಟ್‌ಕೇಸ್ ಎತ್ಕೊಂಡು ಓಡಿದ್ರು.

ಹೆಂಡತಿ: ಅಯ್ಯೋ ದೇವರೇ!

ಮೇಷ್ಟ್ರು: ಅಷ್ಟು ಜನಕ್ಕೆ ಒಂದೇ ಸಲಕ್ಕೆ ಅರ್ಥವಾಯ್ತಲ್ಲ, ನನಗೆ ಹೆಮ್ಮೆ ಅನ್ನಿಸ್ತು. ಸ್ಟೇಷನ್ ಮಾಸ್ಟರಿಗೆ ಅನ್ನಿಸಲಿಲ್ಲ.

ಹೆಂಡತಿ: ಕಾಫಿ ಅಂಗಡೀಲಿ?

ಮೇಷ್ಟ್ರು: ನನ್ನ ಲೋಟದ ಹಾಲು ನಿಜವಾಗ್ಲೂ ಒಡೆದಿತ್ತು.

ಹೆಂಡತಿ: ಅದನ್ನೂ ವಾಕ್ಯ ಮಾಡಿದ್ರಾ?

ಮೇಷ್ಟ್ರು: ಬೇಕರಿಯವರು ಎಷ್ಟು ಚೆನ್ನಾಗಿ ತಿರುಗಿ ಹೇಳಿದ್ರು ಗೊತ್ತಾ? ಅಂಗಡೀಲಿದ್ದವರೆಲ್ಲ ಒಟ್ಟಿಗೆ ಕಪ್ಪು ಕೆಳಗಿಟ್ರು.

ಹೆಂಡತಿ ಹಣೆ ಒತ್ತಿಕೊಂಡಳು. ಆಡು ಮುಟ್ಟದ ಸೊಪ್ಪಿಲ್ಲ, ತನ್ನ ಗಂಡನನ್ನು ಎಬ್ಬಿಸಿ ಕಳಿಸದ ಜಾಗ ಈ ಊರಲ್ಲಿ ಉಳಿದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಮೇಷ್ಟ್ರು: ಹೋಗ್ಲಿ, ಮತ್ತೆ ಮನೇಲೇ ಮಾಡ್ತೀನಿ.

ಹೆಂಡತಿ: ಮಾಡಿದ್ರಲ್ಲ! ಗೋಡೆ ಆಚೆ ಅಜ್ಜಿ ಪೊರಕೆ ಹಿಡಿಯಿಂದ ದಬದಬ ಅಂತ ಕುಟ್ಟಲಿಲ್ವಾ?

ಮೇಷ್ಟ್ರು: ಚಪ್ಪಾಳೆ ಅಂದ್ಕೊಂಡು ನಾನು ಇನ್ನೂ ಜೋರು ಮಾಡಿಬಿಟ್ಟೆ.

ಹೆಂಡತಿ: ಕುಣಿಲಾರದವಳು ನೆಲ ಡೊಂಕು ಅಂದಳಂತೆ. ಜಾಗ ಸರಿಯಿಲ್ಲ, ಜಾಗ ಸರಿಯಿಲ್ಲ ಅಂತೀರಲ್ಲ, ಸರಿಯಿಲ್ಲದ್ದು ನಿಮ್ಮ ಗಂಟಲು! ಬೆಳಗಿಂದ ಸಂಜೆ ತನಕ ಕಿವಿ ಕೇಳಿಸದವರ ಜೊತೆ ಇರ್ತೀನಿ, ನಾನೇ ಇಷ್ಟು ಕೂಗಲ್ಲ.

ಮೇಷ್ಟ್ರು ಬೂಟಿನ ದಾರ ಬಿಚ್ಚುತ್ತಾ ಕುಳಿತರು. ಆಮೇಲೆ ಹೇಳಿದ ಮಾತು ಎಷ್ಟು ಮೆಲ್ಲಗಿತ್ತೆಂದರೆ ಕಿವಿ ಪರೀಕ್ಷೆಯ ಹೆಂಡತಿಯೂ ಬಗ್ಗಿ ಕೇಳಬೇಕಾಯಿತು.

ಮೇಷ್ಟ್ರು: ಬೇಕರಿಯವರು ಬೇಜಾರು ಮಾಡ್ಕೊಂಡ್ರು ಕಣೇ. ‘ನಾನು ಇದೇ ಬೀದೀಲಿ ಬ್ರೆಡ್ ಮಾರೋನು ಸಾರ್. ಇನ್ನೊಂದು ಕಡೆಯಿಂದ ಎಬ್ಬಿಸಿದ್ರೆ ನನ್ನ ಮರ್ಯಾದೆ ಉಳಿಯಲ್ಲ. ಪಾಠ ಸಾಕು’ ಅಂದ್ರು.

ಹೆಂಡತಿ ಗಂಡನ ಮುಖ ನೋಡಿದಳು. ಈ ದನಿಯಲ್ಲಿ ಅವರು ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ, ಕೇಳಲು ಇಷ್ಟವೂ ಆಗಲಿಲ್ಲ.

ಹೆಂಡತಿ: ದಾರ ಕಟ್ಕೊಳ್ಳಿ. ಆ ಕೊಳೆ ಬಟ್ಟೆ ಚೀಲ ಎತ್ತಿ.

ಮೇಷ್ಟ್ರು: ಇಂಗ್ಲಿಷ್ ಎಂ.ಎ. ಮಾಡಿದೋನು ಬಟ್ಟೆ ಚೀಲ ಹೊರಬೇಕಾ?

ಹೆಂಡತಿ: ಎಂ.ಎ.ನಲ್ಲಿ ಹೊರಬಾರದು ಅಂತ ಹೇಳ್ಕೊಟ್ಟಿದ್ದಾರಾ? ನಡೀರಿ.

ಮೂಲೆಯ ಲಾಂಡ್ರಿ ಎಂದರೆ ನಾವೇ ಹೋಗಿ ಯಂತ್ರಕ್ಕೆ ಬಟ್ಟೆ ತುಂಬಿ, ಅದು ಒಗೆದು ಮುಗಿಸುವ ತನಕ ಕಾದು ಕೂರುವಂಥದ್ದು. ಒಳಗೆ ಮೂರು ಯಂತ್ರಗಳು ಓಡುತ್ತಿದ್ದವು. ಬೇರೆ ಗಿರಾಕಿಗಳು ಗೋಡೆ ಬದಿಯ ಬೆಂಚಿನ ಮೇಲೆ ಕುಳಿತು, ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ತಮ್ಮ ಬಟ್ಟೆ ತಿರುಗುವುದನ್ನು ನೋಡುತ್ತಿದ್ದರು. ಹೆಂಡತಿ ಖಾಲಿಯಿದ್ದ ನಾಲ್ಕನೆಯ ಯಂತ್ರದ ಹೊಟ್ಟೆಗೆ ಬಟ್ಟೆ ತುಂಬಿ ಬಾಗಿಲು ಹಾಕಿದಳು. ಅದೂ ಗುಡುಗಲು ಶುರುಮಾಡಿತು.

ಮೇಷ್ಟ್ರು: ಇಲ್ಲೇನು ಮಾಡ್ಬೇಕು?

ಹೆಂಡತಿ: ಏನು?

ಮೇಷ್ಟ್ರು: ಇಲ್ಲೇನು ಮಾಡ್ಬೇಕು ಅಂದೆ!

ಹೆಂಡತಿ: ಪಾಠ!

ಮೇಷ್ಟ್ರು: ವಿದ್ಯೆನ ತಂದು ಕೊಳೆ ಬಟ್ಟೆ ಮಧ್ಯ ಕೂರಿಸ್ತೀಯಾ?

ಹೆಂಡತಿ: ಹೋದ ಕಡೆಯೆಲ್ಲ ವಿದ್ಯೆನ ಎಬ್ಬಿಸಿ ಕಳಿಸಿದ್ರಲ್ಲ, ಇಲ್ಲಾದ್ರೂ ಕೂತ್ಕೊಳ್ಳಲಿ! ನಾನು ಹೋಗಿ ಗಾಜಿನ ಬಾಗಿಲ ಆಚೆ ನಿಂತ್ಕೋತೀನಿ. ಆಸ್ಪತ್ರೇಲಿ ಮಾಡೋ ಹಾಗೇ. ನಿಮ್ಮ ದನಿ ಕೇಳಿಸಿದ್ರೆ ಕೈ ಎತ್ತುತ್ತೀನಿ. ಹೇಳಿ ನೋಡೋಣ!

ಅವಳು ಆಚೆ ಹೋಗಿ ನಿಂತಳು. ಮೇಷ್ಟ್ರು ಎದೆ ತುಂಬ ಉಸಿರು ಎಳೆದುಕೊಂಡು, ಎಪ್ಪತ್ತು ಹುಡುಗರನ್ನು ನೆನೆದು, ‘ಯಂತ್ರ ತಿರುಗುತ್ತಿದೆ!’ ಎಂದು ಇಂಗ್ಲಿಷಿನಲ್ಲಿ ಒಂದು ಬೊಬ್ಬೆ ಹಾಕಿದರು. ಬೆಂಚಿನ ಮೇಲಿದ್ದವರು ತಲೆಯನ್ನೂ ತಿರುಗಿಸಲಿಲ್ಲ. ಹೆಂಡತಿಯ ಕೈ ಮೇಲೇಳಲಿಲ್ಲ. ಮೇಷ್ಟ್ರಿಗೆ ಒಳಗೊಳಗೇ ಸ್ವಲ್ಪ ಅವಮಾನವೂ ಆಯಿತು. ಆದರೆ ಜೀವದಲ್ಲಿ ಜೀವ ಬಂದಂತಾದದ್ದು ಸುಳ್ಳಲ್ಲ.

ಹೆಂಡತಿ ಹೋಗಿ ಬೇಕರಿಯವರನ್ನು ಕರೆತಂದಳು. ಹುಬ್ಬಿನ ತುಂಬ ಮೈದಾ ಹಿಟ್ಟು, ಕಂಕುಳಲ್ಲಿ ನೆಪಕ್ಕೆ ಆಗಲೇ ಒಗೆದಿದ್ದ ಒಂದು ಏಪ್ರನ್. ಮನೆಗೆ ಸಾಬೂನು ತರುತ್ತೇನೆಂದು ಅವಳು ಹೊರಟುಹೋದಳು. ಆಮೇಲೆ ಗುರು ಶಿಷ್ಯರ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕಿಳಿಸಿದರೆ ಹೀಗೆ.

ಬೇಕರಿಯವರು: ಇಲ್ಲಿಂದ ಎಬ್ಬಿಸಲ್ವಾ ಸಾರ್?

ಮೇಷ್ಟ್ರು: ಎಬ್ಬಿಸೋಕೆ ಮೊದಲು ನಮ್ಮ ದನಿ ಕೇಳಿಸ್ಬೇಕಲ್ಲ!

ಬೇಕರಿಯವರು: ಸೊಸೆ ಬರ್ತಾಳೆ. ಮೊದಲು ಏನು ಹೇಳ್ಲಿ? ಹೊಸ ಊರು. ಹೆದರಿಕೆ ಇರುತ್ತೆ.

ಮೇಷ್ಟ್ರಿಗೆ ಪಾಠದ ಪುಸ್ತಕದ ಸ್ವಾಗತದ ಮಾತುಗಳೆಲ್ಲ ನೆನಪಿಗೆ ಬಂದವು. ಹೆದರಿದವಳಿಗೆ ಆಗುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಬೇಕರಿಯವರು: ನೀವೂ ಹೊಸಬರಲ್ವಾ ಸಾರ್. ನಿಮಗೆ ಹೇಗಿತ್ತು?

ಪದ್ಧತಿ ಎಂದರೆ ಪದ್ಧತಿ. ಕಣ್ಣೆದುರಿದ್ದದ್ದನ್ನೇ ಹೇಳಬೇಕು. ಕಣ್ಣೆದುರು ತಮ್ಮದೇ ಅಂಗಿಯೂ ಹೆಂಡತಿಯ ಆಸ್ಪತ್ರೆಯ ಕೋಟೂ ನೊರೆಯಲ್ಲಿ ಒಂದನ್ನೊಂದು ತಬ್ಬಿಕೊಂಡು ಉರುಳುತ್ತಿದ್ದವು. ಮೇಷ್ಟ್ರು ಎದ್ದು ನಿಂತರು.

ಮೇಷ್ಟ್ರು: ತಿರುಗಿ ಹೇಳಿ! ನನಗೂ ಹೆದರಿಕೆ ಇತ್ತು!

ಬೇಕರಿಯವರು: ನನಗೂ ಹೆದರಿಕೆ ಇತ್ತು!

ಮೇಷ್ಟ್ರು: ನನಗೆ ಇಲ್ಲಿ ಯಾವ ಕೆಲಸವೂ ಇರಲಿಲ್ಲ!

ಬೇಕರಿಯವರು: ಯಾವ ಕೆಲಸವೂ ಇರಲಿಲ್ಲ!

ಮೇಷ್ಟ್ರು: ಜಾಗ ಸರಿಯಿಲ್ಲ ಅಂತ ಊರನ್ನೆಲ್ಲ ಬೈದೆ! ಸರಿಯಿಲ್ಲದ್ದು ನನ್ನ ಗಂಟಲು!

ಬೇಕರಿಯವರು: ನನ್ನ ಗಂಟಲು!

ಬೆಂಚಿನ ಮೇಲಿದ್ದವರ ಬಟ್ಟೆ ಒಂದೊಂದಾಗಿ ಮುಗಿಯುತ್ತಾ ಬಂದಿತ್ತು. ಮೊದಲನೆಯ ಯಂತ್ರ ನಿಂತಿತು, ಎರಡನೆಯದೂ ನಿಂತಿತು, ಮೂರನೆಯದು ಒಮ್ಮೆ ನಡುಗಿ ಸುಮ್ಮನಾಯಿತು. ಪಾಠದ ಆವೇಶದಲ್ಲಿದ್ದ ಗುರುವಿಗಾಗಲಿ ಶಿಷ್ಯನಿಗಾಗಲಿ ಅದರ ಪರಿವೆಯಿರಲಿಲ್ಲ. ನಾಲ್ಕನೆಯದು ಮಾತ್ರ ಕೊನೆಯ ಸುತ್ತು ಸುತ್ತುತ್ತಿತ್ತು.

ಮೇಷ್ಟ್ರು: ನನ್ನ ಹೆಂಡತಿ ನನಗೊಂದು ಜಾಗ ಹುಡುಕಿಕೊಟ್ಟಳು!

ಬೇಕರಿಯವರು: ಜಾಗ ಹುಡುಕಿಕೊಟ್ಟಳು!

ನಾಲ್ಕನೆಯ ಯಂತ್ರವೂ ಟಕ್ ಎಂದು ನಿಂತಿತು.

ಮೇಷ್ಟ್ರು: ಅವಳು ಹೇಳಿದ್ದೇ ಸರಿ! ನಾನು ಹೇಳಿದ್ದು ತಪ್ಪು!

ಆ ನಿಶ್ಶಬ್ದದಲ್ಲಿ ಮಾತು ಗೋಡೆಗೆ ಬಡಿದು, ಬಾಗಿಲು ದಾಟಿ, ಬೀದಿಯ ಆಚೆ ಬದಿಗೂ ತಲುಪಿತು. ಬೆಂಚಿನವರೆಲ್ಲ ತಿರುಗಿ ನೋಡಿದರು. ಬೇಕರಿಯವರು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು, ಎಬ್ಬಿಸಿ ಕಳಿಸುವವರಿಗಾಗಿ ಕಾದರು. ಯಾರೂ ಬರಲಿಲ್ಲ. ಬೆಂಚಿನ ತುದಿಯಲ್ಲಿದ್ದ ಹೆಂಗಸೊಬ್ಬಳು ತನ್ನ ಗಂಡನ ಪಕ್ಕೆ ತಿವಿದು, ತಿರುಗಿ ಹೇಳು ಎಂಬಂತೆ ಸನ್ನೆ ಮಾಡಿದಳು. ಆ ಪಾಪದವನು ಹೇಳಿಯೂಬಿಟ್ಟ.

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಗಾಜಿನ ಆಚೆ, ಒಂದು ಕೈಯಲ್ಲಿ ಸಾಬೂನಿನ ಪೊಟ್ಟಣ ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹೆಂಡತಿ ನಿಂತಿದ್ದಳು.

ಮೇಷ್ಟ್ರು: ಕೇಳಿಸಿಬಿಡ್ತಾ?

ಹೆಂಡತಿ ನಿಧಾನವಾಗಿ ಕೈ ಇಳಿಸಿ, ಒಳಗೆ ಬಂದು, ಎಲ್ಲರಿಗಿಂತ ಹಿಂದಿನ ಜಾಗ ನೋಡಿ ಕುಳಿತಳು.

ಹೆಂಡತಿ: ಇಲ್ಲ ರೀ. ಹಿಂದಿನ ಬೆಂಚಿಗೆ ಇನ್ನೊಂದ್ಸಲ ಹೇಳಿ.