ಅನಿಬಾಲನ ಹೆಗಲಿಗೊಂದು ಚೀಲ

ಅನಿಬಾಲ್ ಪೆರೇರಾನ ಬಟ್ಟೆಚೀಲ ಹರಿದದ್ದು ಸೋಮವಾರ ಬೆಳಿಗ್ಗೆ, ತುಂಬಿದ ಬಸ್ಸಿನ ನಟ್ಟನಡುವೆ. ಒಂದು ಸಲಕ್ಕೆ ಒಂದು ವಸ್ತು ಬಿದ್ದಿದ್ದರೆ ಮಾನ ಉಳಿಯುತ್ತಿತ್ತೋ ಏನೋ. ಎಲ್ಲವೂ ಒಟ್ಟಿಗೆ ಬಿದ್ದವು. ಕನ್ನಡಕದ ಡಬ್ಬಿ ಸೀಟಿನ ಕೆಳಗೆ ಹೋಯಿತು. ಬಾಳೆಹಣ್ಣು ಯಾರದೋ ಬೂಟಿನ ಕೆಳಗೆ ಹೋಯಿತು. ಬಿಸಿನೀರಿನ ಫ್ಲಾಸ್ಕ್ ಗಡಗಡ ಉರುಳುತ್ತ ಡ್ರೈವರನ ಪಾದಾರವಿಂದಗಳಿಗೆ ಹೋಗಿ ಶರಣಾಯಿತು. ಮಾತೆಯ ಬುರುಡೆಯಂತೂ ಮುಂದೆ ಕುಳಿತಿದ್ದ ಹೆಂಗಸಿನ ಮಡಿಲಲ್ಲಿ ಬೋರಲಾಗಿ, ಅವಳ ಬಿಳಿ ಲಂಗದ ಮೇಲೆ ಹಸಿರು ಗದ್ದೆಯೇ ಆಯಿತು. (ಮಾತೆ ಎಂದರೆ ಹೆತ್ತ ತಾಯಿಯಲ್ಲ. ಸೋರೆಬುರುಡೆಗೆ ಕಹಿಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರುವ ಪಾನೀಯ. ಆದರೆ ಅನಿಬಾಲನ ಊರಾದ ಮೊಂತೆವಿದೇವೊದ ಗಂಡಸರು ತಾಯಿಯನ್ನು ಬಿಟ್ಟು ಇದ್ದಾರು, ಈ ಮಾತೆಯನ್ನು ಬಿಟ್ಟು ಒಂದು ಗಂಟೆ ಇರಲಾರರು.)

ಸಂಜೆ ಮನೆಗೆ ಬಂದು ಅವನು ಈ ದುರಂತವನ್ನು ಸವಿಸ್ತಾರವಾಗಿ ವರ್ಣಿಸಿದಾಗ ಹೆಂಡತಿ ನೆಲಿದಾ ಫ್ಲಾಸ್ಕಿನ ತಗ್ಗನ್ನು ಬೆರಳಿನಿಂದ ಸವರಿ ನೋಡಿ, ಒಂದೇ ಮಾತು ಹೇಳಿದಳು.

"ಹೆಗಲಿಗೆ ಅಡ್ಡಡ್ಡ ಹಾಕ್ಕೊಳ್ಳೋ ಬ್ಯಾಗ್ ಒಂದು ತಗೋ. ಪೋಸ್ಟಿನವರು ಹಾಕ್ಕೊಳ್ತಾರಲ್ಲ, ಆ ಥರದ್ದು."

"ಆಯ್ತು. ಯಾವಾಗ ಹೋಗೋಣ?"

"ಹೋಗೋಣ ಅಲ್ಲ, ಹೋಗು. ನಾನು ಬರಲ್ಲ. ಐವತ್ತಾರು ವರ್ಷ ಆಯ್ತು ನಿಂಗೆ. ಒಂದು ಚೀಲ ಆರಿಸ್ಕೊಳ್ಳೋ ಯೋಗ್ಯತೆ ಇಲ್ವಾ?"

ಇದು ಯೋಗ್ಯತೆಯ ಪ್ರಶ್ನೆಯಲ್ಲ, ಅಭ್ಯಾಸದ ಪ್ರಶ್ನೆ ಎಂದು ಅನಿಬಾಲ್ ಮನಸ್ಸಿನಲ್ಲೇ ವಾದಿಸಿದ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವನ ಅಂಗಿ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ದಂತವೈದ್ಯ, ಎಲ್ಲವನ್ನೂ ಆರಿಸಿದ್ದು ನೆಲಿದಾ. ಅವನು ಸ್ವಂತವಾಗಿ ಆರಿಸಿದ್ದು ಒಮ್ಮೆ ಮಾತ್ರ, ಅದು ನೆಲಿದಾಳನ್ನು. (ಅದೂ ಹಾಗಲ್ಲ ಎಂದು ಅವಳು ಹೇಳುತ್ತಾಳೆ.) ನಗರಸಭೆಯ ಬೀದಿದೀಪ ದೂರು ವಿಭಾಗದಲ್ಲಿ ಅವನ ಕೆಲಸವೂ ಅಂಥದ್ದೇ. ಯಾವ ದೀಪ ಆರಿದೆ ಎಂದು ಬರೆದುಕೊಳ್ಳುವುದಷ್ಟೇ, ಯಾವುದನ್ನು ಹೊತ್ತಿಸಬೇಕು ಎಂದು ಬೇರೆಯವರು ನಿರ್ಧರಿಸುತ್ತಾರೆ.

ಮಂಗಳವಾರ ಕಚೇರಿ ಮುಗಿಸಿ ಅಗ್ರಾಸಿಯಾದಾ ರಸ್ತೆಯ ಚೀಲದಂಗಡಿಗೆ ಹೋದ. ಅಂಗಡಿಯಾಕೆ ನಗುನಗುತ್ತಲೇ ಬಂದಳು.

"ಯಾವ ಹೆಗಲಿಗೆ?"

"ನಂದೇ."

"ಅದಲ್ಲ ಸ್ವಾಮಿ. ಎಡಗಡೇದಾ, ಬಲಗಡೇದಾ?"

"ಎರಡೂ ನಂದೇ."

ಆಕೆ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಮಳೆ. ಚರ್ಮವೋ, ಮೇಣ ಹಚ್ಚಿದ ಕ್ಯಾನ್ವಾಸೋ? ಮುಚ್ಚಳಕ್ಕೆ ಬಕಲ್ಲೋ, ಅಯಸ್ಕಾಂತದ ಗುಂಡಿಯೋ? ಚೀಲ ಸೊಂಟದ ಮೇಲೆ ಕೂರಬೇಕೋ, ಸೊಂಟದ ಕೆಳಗೋ? ಪಟ್ಟಿ ಅಗಲವೋ ಕಿರಿದೋ? ಫ್ಲಾಸ್ಕ್ ನಿಂತು ಪ್ರಯಾಣ ಮಾಡುತ್ತದೋ ಮಲಗಿಯೋ? ಮದುವೆ ನೋಂದಣಿಯ ದಿನ ಕೂಡ ಸರ್ಕಾರ ಅವನನ್ನು ಇಷ್ಟೊಂದು ಕೇಳಿರಲಿಲ್ಲ. ಅಂದು ಒಂದೇ ಪ್ರಶ್ನೆ, ಒಂದೇ ಉತ್ತರ, ಮುಗಿಯಿತು. ಇಲ್ಲಿ ಪ್ರತಿ ಉತ್ತರಕ್ಕೂ ಇನ್ನೆರಡು ಚೀಲ ಕೆಳಗಿಳಿಯುತ್ತಿದ್ದವು. ಅಂಗಡಿ ಮುಚ್ಚುವ ಹೊತ್ತಿಗೆ ಕೌಂಟರಿನ ಮೇಲೆ ಹತ್ತೊಂಬತ್ತು ಚೀಲಗಳ ಗುಡ್ಡ. ಗುಡ್ಡದ ಆಚೆ ಅಂಗಡಿಯಾಕೆ, ಈಚೆ ಅನಿಬಾಲ್, ಇಬ್ಬರ ಮುಖದಲ್ಲೂ ರಕ್ತವಿಲ್ಲ.

"ಇದೊಂದು ಚರ್ಮದ್ದು, ಇದೊಂದು ಕ್ಯಾನ್ವಾಸಿಂದು," ಎಂದಳು ಆಕೆ ಸೋತ ದನಿಯಲ್ಲಿ. "ಎರಡೂ ತಗೊಂಡು ಹೋಗಿ. ಹಾಕ್ಕೊಂಡು ಓಡಾಡಿ. ಶನಿವಾರದೊಳಗೆ ಒಂದನ್ನ ಇಟ್ಕೊಳ್ಳಿ, ಒಂದನ್ನ ತಂದುಬಿಡಿ. ಈಗ ದಯವಿಟ್ಟು ಮನೆಗೆ ಹೋಗಿ."

ಹೀಗೆ ಎರಡು ಚೀಲಗಳೊಡನೆ ಅನಿಬಾಲ್ ಮನೆ ಸೇರಿದ. ಬುಧವಾರ ಸಂಜೆ ಮಲಗುವ ಕೋಣೆಯ ಕನ್ನಡಿಯ ಮುಂದೆ ಹಿಂದೆ ತಿರುಗಿ, ಮುಂದೆ ತಿರುಗಿ, ಒಂದು ಗಂಟೆ ಕಳೆದ ಮೇಲೆ ನೆಲಿದಾ ಬಾಗಿಲಲ್ಲಿ ಬಂದು ನಿಂತಳು.

"ಚೀಲ ಹಾಕ್ಕೊಳ್ಳೋದು ಬೀದೀಲಿ ನಡೆಯಕ್ಕೆ. ಬೀದೀಗೆ ಹೋಗಿ ನಡಿ. ನಾನು ಹಾಸಿಗೆ ಸರಿಮಾಡ್ಬೇಕು."

ಸರಿಯಾದ ಮಾತು. ಆದರೆ ಖಾಲಿ ಚೀಲ ಹೊತ್ತು ನಡೆದರೆ ಅದು ಪರೀಕ್ಷೆಯಾಗುವುದಿಲ್ಲ, ತಿರುಗಾಟವಾಗುತ್ತದೆ. ಫ್ಲಾಸ್ಕನ್ನು ಪ್ರಯೋಗಕ್ಕೆ ಬಳಸಬಾರದೆಂದು ನೆಲಿದಾ ಮೊದಲೇ ಆಜ್ಞೆ ಮಾಡಿದ್ದಳು. ಆದ್ದರಿಂದ ಅವನು ತನ್ನ ನಿತ್ಯದ ಸಾಮಾನನ್ನೆಲ್ಲ ಮೈತೂಕ ನೋಡುವ ಯಂತ್ರದ ಮೇಲಿಟ್ಟು ತೂಗಿದ. ಮೂರು ಕಿಲೋ ಎಂಟುನೂರು ಗ್ರಾಂ. ಅಷ್ಟೇ ತೂಕ ಬರುವಷ್ಟು ಬಟ್ಟೆಯನ್ನು ಬೀರುವಿನಿಂದ ತೆಗೆದು ತುರುಕಿದ: ಎರಡು ಸ್ವೆಟರ್, ಆರು ಜೊತೆ ಕಾಲುಚೀಲ, ಪಟ್ಟೆಪಟ್ಟೆ ಪೈಜಾಮ, ಮನೆಯ ಚಪ್ಪಲಿ. ಇನ್ನೂ ಇನ್ನೂರು ಗ್ರಾಂ ಕಡಿಮೆ ಬಿತ್ತೆಂದು ಗಡ್ಡ ಹೆರೆಯುವ ಸಾಮಾನಿನ ಡಬ್ಬಿಯನ್ನೂ ಸೇರಿಸಿದ. ಪೈಜಾಮದ ಒಂದು ಕಾಲು ಮುಚ್ಚಳದಿಂದ ಹೊರಗೆ ಇಣುಕುತ್ತಿದ್ದುದು ಅವನ ಗಮನಕ್ಕೆ ಬರಲಿಲ್ಲ.

ಹೀಗೆ ಸರ್ವಸನ್ನದ್ಧನಾಗಿ ಅವನು ಬೀದಿಗಿಳಿದ. ಮೂಲೆಯವರೆಗೆ ಹೋದ, ನಿಂತ, ಹೆಗಲು ಬದಲಿಸಿದ, ನಿಟ್ಟುಸಿರು ಬಿಟ್ಟ. ಪಟ್ಟಿ ಕತ್ತಿಗೆ ಒತ್ತುತ್ತದೆ ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ತಿರುಗಿ ತನ್ನ ಮನೆಯ ಕಡೆ ನೋಡಿದ. ವಾಪಸ್ ಬಂದ. ಬಾಗಿಲ ತನಕ ಬಂದು ಒಳಗೆ ಹೋಗದೆ ಮತ್ತೆ ಹೊರಟ. ನಾಲ್ಕು ಸುತ್ತು.

ಎದುರುಮನೆಯ ಕಿಟಕಿಯಲ್ಲಿ ವಿಧವೆ ಬ್ಲಾಂಕಾ ಬಟ್ಟೆ ಒಣಹಾಕುತ್ತಿದ್ದವಳು ಒಂದೇ ಅಂಗಿಯನ್ನು ನಾಲ್ಕು ಸಲ ಒಣಹಾಕಿದಳು.

ಗುರುವಾರ ಸಂಜೆ ಇನ್ನೊಂದು ಚೀಲದ ಸರದಿ. ಮೂರನೆಯ ಸುತ್ತಿಗೆ ಬ್ಲಾಂಕಾ ತಡೆಯಲಾರದೆ ಕೆಳಗಿಳಿದು ಬಂದಳು.

"ದೊನ್ ಅನಿಬಾಲ್, ಏನಾದ್ರೂ ತೊಂದ್ರೇನಾ?"

"ತೊಂದ್ರೆ ಏನಂತ ಹೇಳ್ಲಿ ಬ್ಲಾಂಕಾ? ಶನಿವಾರದೊಳಗೆ ತೀರ್ಮಾನ ಮಾಡ್ಬೇಕು. ಎರಡೂ ಬಿಡಕ್ಕೆ ಮನಸ್ಸಿಲ್ಲ."

ಬ್ಲಾಂಕಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಎರಡೂ ಅಂದ್ರೆ?"

"ಒಂದು ಮೆತ್ತಗಿದೆ. ಈಗ್ಲೇ ಅಲ್ಲಲ್ಲಿ ಸುಕ್ಕು ಇದೆ, ಆದ್ರೆ ವಯಸ್ಸಾದ ಹಾಗೆ ಇನ್ನೂ ಚೆಂದ ಆಗುತ್ತೆ ಅಂತಾರೆ. ಇನ್ನೊಂದು ಹೊಸಾದು, ಸ್ವಲ್ಪ ಬಿರುಸು, ಮೈಗೆ ಇನ್ನೂ ಹೊಂದಿಲ್ಲ. ಆದ್ರೆ ಎಂಥಾ ಮಳೆ ಬಂದ್ರೂ ಜಗ್ಗಲ್ಲ."

"ದೇವ್ರೇ! ನೆಲಿದಾಗೆ ಗೊತ್ತಾ?"

"ಅವಳೇ ಹೇಳಿದ್ದು. ನೀನೇ ಆರಿಸ್ಕೋ, ನಾನು ಮಧ್ಯೆ ಬರಲ್ಲ ಅಂತ."

"ಅವ್ಳೇ ಹೇಳಿದ್ಲಾ?"

"ದೊಡ್ಡ ಮನಸ್ಸು ಅವಳದು," ಎಂದ ಅನಿಬಾಲ್. ಮತ್ತೆ ಹೆಗಲು ಬದಲಿಸಿ ನಿಟ್ಟುಸಿರು ಬಿಟ್ಟು ಮುಂದೆ ನಡೆದ.

ಶುಕ್ರವಾರದಿಂದ ಲೋಕ ವಿಚಿತ್ರವಾಗಿ ವರ್ತಿಸತೊಡಗಿತು. ಮಾಂಸದಂಗಡಿಯ ಒಲೆಗಾರಿಯೊ ಪಕ್ಕೆಲುಬನ್ನು ತೂಗಿ, ಕೇಳದಿದ್ದರೂ ಒಂದು ದೊಡ್ಡ ತುಂಡು ಮೇಲೆ ಹಾಕಿ, ಅನಿಬಾಲನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಧೈರ್ಯವಾಗಿರಿ. ಗಂಡಸಿನ ಸಂಕಟ ಇನ್ನೊಬ್ಬ ಗಂಡಸಿಗೇ ಗೊತ್ತು."

"ಹೌದೌದು," ಎಂದ ಅನಿಬಾಲ್. ಒಲೆಗಾರಿಯೊನೂ ಚೀಲ ಹುಡುಕುತ್ತಿದ್ದಾನೆ ಎಂದುಕೊಂಡ. "ನಿಮ್ಗೂ ಈ ಅನುಭವ ಆಗಿದ್ಯಾ?"

ಒಲೆಗಾರಿಯೊ ಒಳಗಡೆ ತನ್ನ ಹೆಂಡತಿ ಇದ್ದ ಕಡೆ ಕಳ್ಳನೋಟ ಬೀರಿ, "ಧೈರ್ಯ ಸಾಲ್ಲಿಲ್ಲ," ಎಂದು ಪಿಸುಗುಟ್ಟಿದ.

ಅಲ್ಲಿಂದ ಬೇಕರಿಗೆ ಹೋದರೆ, ಇಪ್ಪತ್ತು ವರ್ಷದಿಂದ ಅವನಿಗೆ ಬಿಸಿ ಬ್ರೆಡ್ಡನ್ನೇ ಕೊಡುತ್ತಿದ್ದ ಹೆಂಗಸು ನಿನ್ನೆಯ ಬ್ರೆಡ್ಡನ್ನು ಕೌಂಟರಿನ ಮೇಲೆ ಕುಕ್ಕಿ ಮುಖ ತಿರುಗಿಸಿದಳು. ಅಂದು ಚರ್ಮದ ಚೀಲ ಹಾಕಿಕೊಂಡು ಬಂದಿದ್ದ ಅನಿಬಾಲ್ ಬೇಕರಿಯ ಹೊರಗೆ ನಿಂತು ಪುಟ್ಟ ಪುಸ್ತಕ ತೆಗೆದು ಬರೆದ: 'ಚರ್ಮದ ಚೀಲ. ಗಂಡಸರಿಗೆ ಗೌರವ ಹುಟ್ಟಿಸುತ್ತದೆ. ಹೆಂಗಸರಿಗೆ ಹಿಡಿಸುವುದಿಲ್ಲ. ಕಾರಣ ತಿಳಿಯದು.'

ಮನೆಯಲ್ಲಿ ಇನ್ನೊಂದು ವಿಚಿತ್ರ. ಊಟದ ಮೇಜಿನ ಮೇಲೆ ಪಾಲಕ್ ಮೊಟ್ಟೆಯ ದೊಡ್ಡ ಕಡುಬು. ಅದರ ಪಕ್ಕದಲ್ಲಿ ಹಾಲುಖೋವದಂಥ ದುಲ್ಸೆ ದೆ ಲೆಚೆ ಸುರಿದ ಮೂರಂತಸ್ತಿನ ಕೇಕು.

"ಯಾರ ಹುಟ್ಟುಹಬ್ಬ?"

"ಯಾರದ್ದೂ ಅಲ್ಲ. ಬ್ಲಾಂಕಾ ತಂದುಕೊಟ್ಲು. ಕೇಕು ಒಲೆಗಾರಿಯೊ ಹೆಂಡತಿ ಮಾಡಿದ್ದು."

"ಯಾಕೆ?"

"ಒಳ್ಳೇ ಜನ," ಎಂದಳು ನೆಲಿದಾ, ಚಮಚೆ ನೆಕ್ಕುತ್ತ. "ಆರಿಸಿದ್ಯಾ?"

"ನಾಳೆ ಆರಿಸ್ತೀನಿ."

"ಆತುರ ಏನಿಲ್ಲ," ಎಂದಳು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳ ಬಾಯಿಂದ ಈ ಮಾತನ್ನು ಅವನು ಕೇಳಿದ್ದು ಇದೇ ಮೊದಲು. ಅನಿಬಾಲನಿಗೆ ಏನೋ ಅನುಮಾನ ಬಂತು, ಆದರೆ ಯಾವುದರ ಮೇಲೆ ಎಂದು ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಚರ್ಮದ ಚೀಲವನ್ನು ಅಂಗಡಿಗೆ ಹಿಂದಿರುಗಿಸಿದ. ಹಸಿರು ಕ್ಯಾನ್ವಾಸಿನದು ಅವನದಾಯಿತು. ಯಾರ ಸಲಹೆಯೂ ಇಲ್ಲದೆ, ಸ್ವಂತ ಬುದ್ಧಿಯಿಂದ ಮಾಡಿದ ಆಯ್ಕೆ! ಬೆನ್ನು ನೆಟ್ಟಗಾಯಿತು, ನಡಿಗೆ ಬದಲಾಯಿತು. ದಂಡಯಾತ್ರೆ ಮುಗಿಸಿ ರಾಜಧಾನಿಗೆ ಮರಳುವ ಚಕ್ರವರ್ತಿಯ ಠೀವಿಯಲ್ಲಿ ಅವನು ಮನೆಯ ಬಾಗಿಲು ತೆರೆದ.

ಒಳಗೆ ಸಭೆ ನೆರೆದಿತ್ತು.

ಅವನ ಕುರ್ಚಿಯಲ್ಲಿ ಅತ್ತೆ ಎರ್ಮಿನಿಯಾ ಕೂತಿದ್ದಳು, ಪಕ್ಕದಲ್ಲಿ ಎರಡು ಸೂಟ್‌ಕೇಸು. ಮೀನಸ್ ಊರಿನಿಂದ ಎರಡು ಗಂಟೆ ಬಸ್ಸಿನಲ್ಲಿ ಬಂದವಳ ಮುಖದಲ್ಲಿ ಆಯಾಸದ ಬದಲು ಇಪ್ಪತ್ತೊಂಬತ್ತು ವರ್ಷ ಕಾದು ಗೆದ್ದ ಕಳೆಯಿತ್ತು. ಸೋಫಾದ ಮೇಲೆ ಬ್ಲಾಂಕಾ, ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದ ಒಲೆಗಾರಿಯೊ. ನಡುವೆ ನೆಲಿದಾ, ತೊಡೆಯ ಮೇಲೆ ಕೇಕಿನ ತಟ್ಟೆ.

"ಬಂದ್ರಾ ಅಳಿಯಂದ್ರು?" ಎಂದಳು ಅತ್ತೆ. "ಕೊನೆಗೆ ಯಾವ್ದನ್ನ ಇಟ್ಕೊಂಡ್ರಿ?"

ಚೀಲದ ವಿಷಯದಲ್ಲಿ ಇಡೀ ಕುಟುಂಬಕ್ಕೆ ಇಷ್ಟು ಆಸಕ್ತಿಯಿದೆಯೆಂದು ಅನಿಬಾಲನಿಗೆ ಗೊತ್ತಿರಲಿಲ್ಲ. ಹೃದಯ ತುಂಬಿ ಬಂತು.

"ಹೊಸಾದನ್ನೇ ಅತ್ತೆ! ಹಸಿರು. ಒಳ್ಳೇ ಗಟ್ಟಿಮುಟ್ಟು. ಇನ್ನೊಂದನ್ನ ಈಗ ತಾನೇ ವಾಪಸ್ ಬಿಟ್ಟು ಬಂದೆ."

"ಹಸಿರು ಕಣ್ಣು," ಎಂದು ಒಲೆಗಾರಿಯೊ ಗೌರವದಿಂದ ಗೊಣಗಿದ.

"ವಾಪಸ್ಸಾ? ಎಲ್ಲಿಗೆ? ತೌರುಮನೆಗಾ?" ಎಂದು ಬ್ಲಾಂಕಾ ಕಿರುಚಿದಳು.

"ಅಂಗಡಿಗೆ."

"ಅಂಗಡೀಲಿ ಕೆಲ್ಸ ಮಾಡೋಳು! ನಾನು ಹೇಳ್ಲಿಲ್ವಾ?" ಎಂದು ಬ್ಲಾಂಕಾ ಉಳಿದವರ ಕಡೆ ತಿರುಗಿದಳು.

ಅನಿಬಾಲ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಬೀದಿದೀಪ ವಿಭಾಗದವನಾದರೂ ಅವನ ತಲೆಯಲ್ಲಿ ದೀಪ ಹೊತ್ತಿಕೊಳ್ಳುವುದು ನಿಧಾನ. ಹೊತ್ತಿಕೊಂಡಾಗ ಹೆಗಲಿನ ಚೀಲವನ್ನು ಎರಡೂ ಕೈಯಿಂದ ಮುಂದಕ್ಕೆ ಎತ್ತಿ ಹಿಡಿದ.

"ಚೀಲ!" ಎಂದು ಕೂಗಿದ. "ನಾನು ಹೇಳಿದ್ದು ಚೀಲದ ವಿಷ್ಯ! ಇಗೋ, ಈ ಚೀಲ!"

"ಚೀಲ ಅಂತೆ," ಎಂದಳು ಅತ್ತೆ. "ಪೈಜಾಮ ತುಂಬ್ಕೊಂಡು ಮೂರು ದಿನ ಬೀದಿ ಸುತ್ತಿದ್ದು ಚೀಲಕ್ಕಾಗಿ ಅಂತೆ. ಸುಳ್ಳು ಹೇಳಕ್ಕೂ ಒಂಚೂರು ಬುದ್ಧಿ ಬೇಕು ಅಳಿಯಂದ್ರೆ."

"ಮೆತ್ತಗಿದಾಳೆ, ಸುಕ್ಕಿದೆ ಅಂತ ನನ್ ಮುಂದೆ ನೀವೇ ಹೇಳಿದ್ರಲ್ಲಾ," ಎಂದು ಬ್ಲಾಂಕಾ ಕಣ್ಣೊರೆಸಿಕೊಂಡಳು.

ಇನ್ನು ಉಳಿದಿರುವುದು ಒಬ್ಬಳೇ ಸಾಕ್ಷಿ. ಅನಿಬಾಲ್ ಹೆಂಡತಿಯ ಕಡೆ ಎರಡೂ ಕೈ ಚಾಚಿದ. "ನೆಲಿದಾ! ನೀನೇ ಕಳಿಸಿದ್ದಲ್ವಾ ನನ್ನ? ಹೇಳು ಇವ್ರಿಗೆ! ಹೇಳು!"

ನೆಲಿದಾಳ ಬಾಯಲ್ಲಿ ಕೇಕು ತುಂಬಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನಿಧಾನವಾಗಿ ಅಗಿದಳು. ತಟ್ಟೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಕಣ್ಣೀರಿಡುತ್ತಿದ್ದ ಬ್ಲಾಂಕಾಳನ್ನು ನೋಡಿದಳು. ನುಂಗಿದಳು.

"ನಾನು ಅವ್ರನ್ನ ಕ್ಷಮಿಸಿದ್ದೀನಿ," ಎಂದಳು.

ಬ್ಲಾಂಕಾ ಗೋಳೋ ಎಂದು ಅತ್ತು ಅವಳನ್ನು ತಬ್ಬಿಕೊಂಡಳು. ಒಲೆಗಾರಿಯೊ ಅನಿಬಾಲನ ಬೆನ್ನು ತಟ್ಟಿ, "ದೇವತೆ ಸ್ವಾಮಿ, ದೇವತೆ," ಎಂದ. ಮಾಡದ ಅಪರಾಧಕ್ಕೆ ವಿಚಾರಣೆ, ಶಿಕ್ಷೆ, ಕ್ಷಮಾದಾನ ಎಲ್ಲವೂ ಐದು ನಿಮಿಷದಲ್ಲಿ ಮುಗಿದು ಅನಿಬಾಲ್ ಚೀಲ ಹೊತ್ತು ನಿಂತೇ ಇದ್ದ.

ನೆರೆಯವರೆಲ್ಲ ಹೋದ ಮೇಲೆ ಅವನು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಯಾಕೆ ಹಾಗೆ ಹೇಳ್ದೆ?"

"ನಿನ್ನೆ ಬ್ಲಾಂಕಾ ಬಂದಾಗ ನಿಜ ಹೇಳೋಣ ಅಂತಲೇ ಬಾಯಿ ತೆಗೆದೆ," ಎಂದಳು ನೆಲಿದಾ ಪಾತ್ರೆ ತೊಳೆಯುತ್ತ. "ಅವಳು ಕಡುಬು ಮುಂದೆ ಇಟ್ಲು. ಇನ್ನೂ ಬಿಸಿ ಇತ್ತು. ತಿಂದ್ಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಕೇಕು ಬಂತು. ಅಮ್ಮನ್ನೂ ಕರೆಸ್ತಾರೆ ಅಂತ ನಂಗೇನು ಗೊತ್ತು? ಈಗ ನಿಜ ಹೇಳಿದ್ರೆ ಅವರ ಮುಖ ಹೇಗೆ ನೋಡ್ಲಿ?"

"ನನ್ನ ಮಾನ?"

ಅವಳು ನಲ್ಲಿ ನಿಲ್ಲಿಸಿದಳು. ಕಿವಿ ಸ್ವಲ್ಪ ಕೆಂಪಾಗಿತ್ತು. "ನಿಂಗೆ ಬೇಜಾರಾಗ್ಬೋದು, ಆದ್ರೂ ಹೇಳ್ತೀನಿ. ಇಷ್ಟು ವರ್ಷದಲ್ಲಿ ಈ ಬೀದಿಯ ಒಬ್ಬಳೂ 'ನಿನ್ನ ಗಂಡನ್ನ ಯಾರಾದ್ರೂ ಹಾರಿಸ್ಕೊಂಡು ಹೋದಾರು' ಅಂದಿರ್ಲಿಲ್ಲ. ಈಗ ಇಬ್ಬಿಬ್ಬರು ಹಿಂದೆ ಬಿದ್ದಿದ್ದಾರೆ ಅಂತ ಎಲ್ಲರೂ ನಂಬಿದ್ರಲ್ಲ. ಒಂಥರಾ ಜಂಭ ಬಂತು."

ಅನಿಬಾಲನಿಗೆ ಸಿಟ್ಟು ಮಾಡಿಕೊಳ್ಳಬೇಕೋ, ನಾಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡರ ನಡುವೆ ಎಲ್ಲೋ ನಿಂತು, "ಥ್ಯಾಂಕ್ಸ್," ಎಂದ. ಯಾತಕ್ಕೆ ಎಂದು ಅವನಿಗೇ ಗೊತ್ತಾಗಲಿಲ್ಲ, ಬಹುಶಃ ಕ್ಷಮಿಸಿದ್ದಕ್ಕೆ.

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಮಗಳ ಸಂಸಾರ ಉಳಿಯಿತೆಂದು ಅತ್ತೆ ತುಸು ನಿರಾಶೆಯಿಂದಲೇ ಸೂಟ್‌ಕೇಸು ಮುಚ್ಚಿ, ಹನ್ನೊಂದರ ಬಸ್ಸಿಗೆ ಕೋಟು ತೊಟ್ಟು ಕೂತಿದ್ದಳು. ಹಿತ್ತಲಲ್ಲಿ ಗಂಡ ಹೆಂಡತಿ ಒಂದೇ ಬುರುಡೆಯಿಂದ ಸರದಿಯಲ್ಲಿ ಮಾತೆ ಹೀರುತ್ತಿದ್ದರು. ನೆಲಿದಾ ಮೊಣಕೈಯಿಂದ ಅವನನ್ನು ತಿವಿದಳು.

"ಅಂದ ಹಾಗೆ ಮುದುಕಪ್ಪಾ, ಆ ಹಸಿರು ಕಣ್ಣಿನವಳು ನೋಡಕ್ಕೆ ಹೇಗಿದ್ಲು?"

ಅದು ತಮಾಷೆ ಎಂದು ಅನಿಬಾಲನಿಗೆ ಗೊತ್ತಿತ್ತು. ಆದರೆ ಒಂದು ವಾರದಿಂದ ಯಾರು ಏನು ಕೇಳಿದರೂ ತೂಗಿ ಅಳೆದು ಉತ್ತರ ಕೊಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಅವನು ಆಕಾಶದ ಕಡೆ ನೋಡಿದ. ಕಣ್ಣು ಕಿರಿದು ಮಾಡಿದ. ತುಟಿಯ ಮೇಲೆ ಸಣ್ಣ ನಗೆಯೊಂದು ತಾನಾಗಿ ಬಂದು ಕೂತಿತು.

ನೆಲಿದಾ ಬುರುಡೆಯನ್ನು ಕೆಳಗಿಟ್ಟಳು.

"ಯೋಚ್ನೆ ಮಾಡ್ತಿದ್ದೀಯಾ?"

"ಇಲ್ಲ, ನಾನು..."

"ಯೋಚ್ನೆ ಮಾಡ್ದೆ ನೀನು! ನಾನು ನೋಡ್ದೆ!" ಅವಳು ಎದ್ದು ನಿಂತು ಮನೆಯೊಳಗೆ ಕೇಳುವಂತೆ ಕೂಗಿದಳು. "ಅಮ್ಮಾ! ಕೋಟು ಬಿಚ್ಚಿಡು. ನೀನು ಇವತ್ತು ಹೋಗೋದು ಬೇಡ!"