ಹೋಳಿಗೆ ತಿಂದ ವೆಬ್‌ಸೈಟು

ಅಂಗಡಿಯ ಕಟ್ಟೆಯಲ್ಲಿ ಕುಳಿತು ಹಳೆಯ ಸೀರೆಯ ಅಂಚು ಬಿಚ್ಚುತ್ತಿದ್ದೆ. ಪಕ್ಕದ ಮನೆಯ ರೇಡಿಯೋ ರಿಪೇರಿ ಚನ್ನವೀರಪ್ಪ ಸುಣ್ಣದ ಡಬ್ಬಿಯಷ್ಟಿದ್ದ ಯಂತ್ರವೊಂದನ್ನು ದೇವರನ್ನು ಹೊತ್ತಂತೆ ಎರಡೂ ಕೈಯಲ್ಲಿ ಹೊತ್ತು ತಂದ.

“ತಗೊಳ್ರಿ ಅಕ್ಕಾರ! ನಿಮ್ಮ ಕೌದಿ ಅಂಗಡಿ ವೆಬ್‌ಸೈಟು!”

“ಇದರ ಬಾಗಿಲಾ ಎಲ್ಲೈತೋ?” ಎಂದಳು ಹುಸೇನಬಿ. ಹಳೆಯ ಸೀರೆಗಳ ತುಂಡು ಜೋಡಿಸಿ ನಾವಿಬ್ಬರೂ ಕೂಡಿಯೇ ಕೌದಿ ಹೊಲಿಯುವವರು.

“ನಾಕು ಫೋಟೊ ಹಾಕಿ, ಫೋನ್ ನಂಬರ ಬರದಿದ್ರ ಸಾಕಿತ್ತಲ್ಲೋ ತಮ್ಮಾ,” ಎಂದೆ.

“ಫೋಟೊ ನೋಡಿದ್ರ ಮೈ ಬೆಚ್ಚಗ ಆಕ್ಕೈತೇನ್ರಿ? ಇದನ್ನ ಕೌದಿಯೊಳಗಿಟ್ಟು ಹೊಲೀರಿ. ಹೊದ್ದು ಮಲಗಿದವರ ಕನಸು ಸೀದಾ ವೆಬ್‌ಸೈಟಿನ್ಯಾಗ ಕಾಣ್ತೈತಿ!”

ಬಾದಾಮಿಯಲ್ಲಿ ವಸತಿಗೃಹ ನಡೆಸುವ ಶಕುಂತಲಾಬಾಯಿ, ಎಲ್ಲ ಕೋಣೆಗಳಿಗೂ ಕೌದಿ ಬೇಕು, ಮೊದಲು ವೆಬ್‌ಸೈಟಿನ ವಿಳಾಸ ಕಳಿಸಿ ಎಂದು ಬರೆದು ಒಂದು ಮಳೆಗಾಲವೇ ಕಳೆದಿತ್ತು. ಉತ್ತರಿಸಲು ನನ್ನ ಬಳಿ ವಿಳಾಸವೇ ಇರಲಿಲ್ಲ. ಆ ಕೆಲಸ ಕೈತಪ್ಪಿದರೆ ಅಂಗಡಿಗೆ ಬೀಗ ಹಾಕುವುದೇ. ಹಾಗಾಗಿ ಒಪ್ಪಿ, ಅವನು ಹೇಳಿದ ವಿಳಾಸ ಬರೆದಿಟ್ಟುಕೊಂಡೆ.

ಕೌದಿಯ ಕೊನೆಯ ಬಾಯಿ ಮುಚ್ಚುವ ಮುನ್ನ ಒಳಗೆ ತಿನ್ನುವ ಚೂರೊಂದನ್ನು ಇಡುವುದು ನಮ್ಮ ಪದ್ಧತಿ. ಹಸಿದ ಕೌದಿ ಯಾರಿಗೂ ನಿದ್ದೆ ಕೊಡುವುದಿಲ್ಲ. ಹುಸೇನಬಿ ಯಂತ್ರದ ಮಗ್ಗುಲಲ್ಲೇ ಹೋಳಿಗೆಯ ಚೂರಿಟ್ಟು ಹೊಲಿದುಬಿಟ್ಟಳು.

ಚನ್ನವೀರಪ್ಪ ಹೊದ್ದು ಮಲಗಿದ. ವೆಬ್‌ಸೈಟು ತೆರೆದಿಟ್ಟ ಫೋನಿನ ಪರದೆಯಲ್ಲಿ ಕನಸು ಬರಲಿಲ್ಲ. ಸಣ್ಣ ಗೊರಕೆ ಕೇಳಿಸಿತು.

“ಇದು ನನ್ನ ಗೊರಕಿ ಅಲ್ರಿ!” ಅವನು ಎದ್ದು ಕುಳಿತ. “ಒಳಗ ಏನಿಟ್ಟಿ ಹುಸೇನವ್ವಾ?”

“ಹೋಳಿಗಿ.”

“ಯಂತ್ರಕ್ಕ ಹೋಳಿಗಿ?!”

“ಮತ್ತ, ಉಪವಾಸ ಕೆಡವಬೇಕಿತ್ತೇನ?”

ಹೋಳಿಗೆ ಉಂಡ ಯಂತ್ರ ನಿದ್ದೆ ಹೋಗಿತ್ತು! ಅದರ ಜೊತೆ ಕೌದಿಯೂ. ಕೌದಿಯದೇ ಕನಸು ಮೂಡಿ ಪರದೆ ಮೆಲ್ಲಗೆ ಬೆಳಗಿತು. ಹಸಿರು ಸೀರೆಯ ತುಂಡು ಯಾವುದೋ ಜೋಕಾಲಿಯಲ್ಲಿ ತೂಗತೊಡಗಿತು. ಹಳದಿ ತುಂಡು ಕುಸುಬೆಯ ಹೊಲವಾಗಿ ಹೂಬಿಟ್ಟಿತು. ನೀಲಿ ತುಂಡಿನಲ್ಲಿ ಯಾರದೋ ತಾಯಿ ಸೆರಗಿನಿಂದ ಮಗುವಿನ ಬಾಯಿ ಒರೆಸಿ ಸುಮ್ಮನೆ ನಕ್ಕಳು. ಬೆಲೆಯಿಲ್ಲ, ಅಳತೆಯಿಲ್ಲ. ಗಾಳಿ ಮಾತ್ರ ಬೀಸುತ್ತಿತ್ತು.

ನೋಡುತ್ತ ನೋಡುತ್ತ ಹುಸೇನಬಿ ನನ್ನ ಹೆಗಲಿಗೊರಗಿದಳು. ಟೊಮೆಟೊ ಮಾರುವವಳು ಇಣುಕಿದವಳೇ ಬುಟ್ಟಿಯ ಪಕ್ಕ ಮಲಗಿದಳು. ಅಂಚೆಯ ಫಕೀರಪ್ಪ ಸೈಕಲ್ಲಿನಿಂದ ಇಳಿಯುವ ಮೊದಲೇ ಗೋಡೆಗೊರಗಿ ಗೊರಕೆ ಹೊಡೆದ! ಚನ್ನವೀರಪ್ಪನಂತೂ ದೋಷ ಹುಡುಕಲು ಪರದೆ ನೋಡಿದಾಗಲೆಲ್ಲ ಸ್ಕ್ರೂಡ್ರೈವರ್ ಹಿಡಿದೇ ತೂಕಡಿಸಿದ. ರೆಪ್ಪೆ ಭಾರವಾದೊಡನೆ ಕಣ್ಣನ್ನು ಸೀರೆಯ ಅಂಚಿಗೆ ತಿರುಗಿಸಿದ್ದರಿಂದ ನಾನೊಬ್ಬಳು ಎಚ್ಚರವಿದ್ದೆ.

“ಕೆಟ್ಟತ್ರೀ ಅಕ್ಕಾರ! ಬಿಚ್ಚಿ ತಗೀರಿ. ನೋಡಿದವರೆಲ್ಲ ಮಲಗಿದ್ರ ಕೊಳ್ಳೋರು ಯಾರು?” ಎಂದ ಚನ್ನವೀರಪ್ಪ, ಎಚ್ಚೆತ್ತು.

“ಶಕುಂತಲಾಬಾಯಿ ಬಾಡಿಗಿ ಕೊಡೋದು ಏನೋ ತಮ್ಮಾ?”

“ಖೋಲಿ.”

“ಖೋಲ್ಯಾಗ ಮಂದಿ ಏನ್ ಮಾಡ್ತಾರ?”

ಅವನ ತಲೆ ಎದೆಗೆ ವಾಲಿತು. ಮತ್ತೆ ಪರದೆ ನೋಡಿಬಿಟ್ಟಿದ್ದ.

ನಾನು ಕಾಗದ ತೆಗೆದುಕೊಂಡು ಶಕುಂತಲಾಬಾಯಿಗೆ ನಿಧಾನವಾಗಿ ಬರೆದೆ: “ತಡವಾದುದಕ್ಕೆ ಕ್ಷಮಿಸಿ. ವಿಳಾಸ ಕೆಳಗಿದೆ. ಹಾಸಿಗೆಯ ಮೇಲೆ ಕುಳಿತು ತೆರೆಯಿರಿ. ಒಲೆಯ ಮೇಲೆ ಹಾಲಿದ್ದರೆ ಮೊದಲು ಇಳಿಸಿ.” ಲಕೋಟೆಗೆ ಅಂಟು ಹಚ್ಚಿ, ಫಕೀರಪ್ಪನನ್ನು ಅಲುಗಿಸಿ ಎಬ್ಬಿಸಿ ಅವನ ಚೀಲಕ್ಕೆ ಹಾಕಿದೆ.

“ಅರ್ಜಂಟ್ ಏನ್ರಿ ಅಕ್ಕಾರ?” ಕಣ್ಣುಜ್ಜುತ್ತ ಸೈಕಲ್ ಹತ್ತಿದ.

“ನನಗ ಐತಪ್ಪಾ. ವೆಬ್‌ಸೈಟು ನೋಡಿದ ಮ್ಯಾಲೆ ಆಕಿಗೆ ಇರಂಗಿಲ್ಲ.”