ಸವ್ವಾನ ಸೋದರಮಾವ

ಸಿದ್ದಲಿಂಗ ಮಾಸ್ತರರ ರವಿವಾರ ಕೆಡಿಸಿದ್ದು ಒಂದೇ ಒಂದು ಶಬ್ದ: ಕಸಿನ್.

ಗೊಳಸಂಗಿಯಲ್ಲಿ ಇತಿಹಾಸ ಕಲಿಸುವ ಈ ಮಾಸ್ತರರು ಯಾರೂ ಕೇಳಿರದ ಒಬ್ಬ ರಷ್ಯನ್ ರಾಜಕುಮಾರನ ಚರಿತ್ರೆಯನ್ನು ಕನ್ನಡಕ್ಕೆ ತರುತ್ತಿದ್ದರು. ಅವನ ಹೆಸರು ಸವ್ವಾ. ಚಕ್ರವರ್ತಿಗೆ ದೂರದ ಬಂಧು. ಸಿಂಹಾಸನಕ್ಕೆ ಇವನ ಪಾಳಿ ಬರಬೇಕಾದರೆ ಮುಂದಿನ ನಲವತ್ತು ಮಂದಿ ಒಮ್ಮೆಲೇ ಸನ್ಯಾಸ ತಗೊಳ್ಳಬೇಕಿತ್ತು. ಅವನು ತನ್ನ 'ಕಸಿನ್' ಒಬ್ಬಳನ್ನು ಮದುವೆಯಾದ ಎಂದಷ್ಟೇ ಇಂಗ್ಲಿಷ್ ಮೂಲದಲ್ಲಿತ್ತು, ಯಾರ ಮಗಳೆಂದು ಇರಲಿಲ್ಲ. ಪುಸ್ತಕ ಇವತ್ತೇ ಮುಗಿಯಬೇಕು, ಯಾಕೆಂದರೆ ನಾಳೆ ಮುದ್ದೇಬಿಹಾಳದ ಸುನಂದಾಳ ಜೊತೆ ಮಾಸ್ತರರ ನಿಶ್ಚಿತಾರ್ಥ. ಹನ್ನೊಂದು ಮನೆಗಳ ಅವಲಕ್ಕಿ ತಿಂದ ಮೇಲೆ ಒಲಿದ ಹುಡುಗಿ. ಅವಳನ್ನು ನೆನೆದಾಗಲೆಲ್ಲ ಮಾಸ್ತರರ ಪೆನ್ನು ತಾನಾಗಿಯೇ ನಿಲ್ಲುತ್ತಿತ್ತು.

"ಅವ್ವಾ, ಸವ್ವಾ ತನ್ನ ಚಿಗಪ್ಪನ ಮಗಳನ್ನ ಮದಿವಿ ಆದ ಅಂತ ಬರದ್ರ ಹೆಂಗ?"

ಜೋಳ ಹಸನು ಮಾಡುತ್ತಿದ್ದ ತಾಯಿ ಹೊನ್ನವ್ವ ಮೊರ ಕೆಳಗಿಟ್ಟಳು. "ಸವ್ವಾ ಅಂದ್ರ ಹೆಣ್ಮಗಳಲ್ಲೇನು?"

"ಗಂಡಸು ಬೇ."

"ಯಾರರ ಆಗ್ಲಿ. ಚಿಗಪ್ಪನ ಮಗಳಂದ್ರ ತಂಗಿ ಆದ್ಲು!"

ಗೋಡೆಯಾಚೆಯಿಂದ ಶಮಶಾದಬಿ ಇಣುಕಿದಳು. "ನಮ್ಮಾಗ ನಡೀತೈತ್ರಿ ಮಾಸ್ತರ್ರ, ಬರದುಬಿಡ್ರಿ."

"ನಿಮ್ಮಾಗ ನಡೀತೈತಿ, ಅಂವ ನಿಮ್ಮಾಂವ ಅಲ್ಲಲ್ಲ!" ಎಂದಳು ಹೊನ್ನವ್ವ.

ಗದ್ದಲ ಕೇಳಿ ಎದುರು ಮನೆಯ ಬಸವಂತರಾಯರು ಬಂದರು. "ಮಾಸ್ತರ್ರ, ನಾಳೆ ಬೀಗ್ರು ಬರ್ತಾರ. ಅಣ್ಣ-ತಂಗಿ ಲಗ್ನ ಮಾಡ್ಸಿದಂವಗ ಹೆಣ್ಣು ಕೊಡ್ತಾರೇನ್ರಿ? ಸೋದರಮಾವನ ಮಗಳು ಅಂತ ತಿದ್ರಿ."

ಮಾಸ್ತರರು ಪುಸ್ತಕದ ಹಾಳೆ ತಿರುವಿ ನೋಡಿದರು. "ಸವ್ವಾಗ ಸೋದರಮಾವನೇ ಇಲ್ರಿ!"

"ಹೆಳವರ ಚಂದಪ್ಪ ಊರಾಗ ಬಂದಾನ, ಕರೀರಿ," ಎಂದಳು ಹೊನ್ನವ್ವ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗಿ ಓದಿ ಹೇಳುವುದು ಚಂದಪ್ಪನ ಕುಲದ ಕೆಲಸ. ಅವನು ಹೊತ್ತಿಗೆಯ ಚೀಲದೊಂದಿಗೆ ಬಂದು ಎಲ್ಲವನ್ನೂ ಕೇಳಿದ.

"ನಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಷ್ಟರಿ. ರಷ್ಯಾ ನನ್ನ ಹದ್ದಿನಾಗ ಬರೂದಿಲ್ಲ. ಆದ್ರ ಒಂದು ಮಾತು. ಸಿಟ್ಟಿಗೆದ್ದು ಊರು ಬಿಟ್ಟಾಂವ ಒಬ್ಬನರ ಎಲ್ಲಾ ಮನ್ಯಾಗೂ ಇರ್ತಾನ. ಅಂಥವರನ್ನ ಮನ್ಯಾಗಿನವರು ಮರೀತಾರ, ಹೆಳವ ಮರೆಯೂದಿಲ್ಲ."

ಮಾಸ್ತರರು ಕೂಡಲೇ ಸವ್ವಾನ ತಾಯಿಗೆ ಸಿಟ್ಟಿಗೆದ್ದು ಮನೆ ಬಿಟ್ಟ ಅಣ್ಣನೊಬ್ಬನನ್ನು ಹುಟ್ಟಿಸಿದರು. ಅವನಿಗೊಬ್ಬ ಮಗಳನ್ನೂ ಕೊಟ್ಟರು. ಸವ್ವಾನ ಸಂಸಾರ ಉಳಿಯಿತು. ಎಲ್ಲರಿಗೂ ಚಹಾ ಬಂತು.

"ನಾಳೆ ಶುಭ ಐತಿ. ದೇವಣಗಾಂವದ ನನ್ನ ತವರಮನಿದೂ ಒಂದೀಟು ಓದಪಾ," ಎಂದಳು ಹೊನ್ನವ್ವ ಖುಷಿಯಲ್ಲಿ.

ಚಂದಪ್ಪ ಹಾಳೆ ತಿರುವಿ ರಾಗ ತೆಗೆದ. "ನಿಮ್ಮ ಅಪ್ಪನ ಅಪ್ಪಗ ಒಬ್ಬ ತಮ್ಮ, ಪರಪ್ಪ. ಒಂದು ಎತ್ತಿನ ಸಲುವಾಗಿ ಜಗಳಾಡಿ, ಸಿಟ್ಟಿಗೆದ್ದು ಊರು ಬಿಟ್ಟ. ಮುದ್ದೇಬಿಹಾಳ ಸೇರಿದ. ಅವನ ಮಗ ಸಿಮೆಂಟ್ ಅಂಗಡಿ ಮಲಕಪ್ಪ. ಮಲಕಪ್ಪಗ ಒಬ್ಬಾಕಿನ ಮಗಳು..."

"ಸುನಂದಾ," ಎಂದರು ಮಾಸ್ತರರು. ದನಿ ಬಾವಿಯೊಳಗಿಂದ ಬಂದಂತಿತ್ತು.

ಹೊನ್ನವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಮುತ್ಯಾನ ತಮ್ಮನ ಮೊಮ್ಮಗಳು. ಅಂದ್ರ ನನಗ ತಂಗಿ."

"ಮಾಸ್ತರ್ರಿಗೆ ಚಿಗವ್ವ," ಎಂದರು ಬಸವಂತರಾಯರು.

ಮಾಸ್ತರರು ತಾಯಿಯ ಕೈ ಹಿಡಿದುಕೊಂಡರು. ಪಾಪ, ಕಣ್ಣಲ್ಲಿ ನೀರೇ ಬಂದಿತ್ತು. "ಅವ್ವಾ, ಬರೇ ಕಸಿನ್ ಅಂದ್ರ ಆಗೂದಿಲ್ಲೇನ?"

ಅಷ್ಟರಲ್ಲಿ ಅವರ ಫೋನು ಹಾಡತೊಡಗಿತು. ಸುನಂದಾಳದೇ ಕರೆ.

ಹೊನ್ನವ್ವ ಮಗನ ತಲೆ ಸವರಿದಳು. "ಎತ್ತಪಾ. ಆದ್ರ ಮರ್ಯಾದಿಲೇ ಮಾತಾಡು. ನಿನಗ ಹಿರ್ಯಾರಾಗ್ತಾರ."